ಹತ್ತು ನಿಮಿಷ ಮುಂದಿನ ವಾರ್ಡು

ಫೆಬ್ರವರಿ 3, ಸೋಮವಾರ

ತಂಗೀ, ಹಳೆಯ ಪುಸ್ತಕ ತುಂಬಿತು, ಇದು ಹೊಸದು. ನೀನು ಹೋಗಿ ಹದಿನೇಳು ವರ್ಷವಾದರೂ ಇನ್ನೂ ನಿನಗೇ ಬರೀತೀನಿ ಅಂತ ಗೊತ್ತಾದರೆ ಜನ ನನಗೆ ಅರಳುಮರಳು ಅಂತಾರೆ. ಅನ್ನಲಿ. ಬೀರುವಿನಲ್ಲಿ ಬೀಗ ಹಾಕಿಡ್ತೀನಿ. ಯಾರೂ ಓದಲ್ಲ, ನೀನೂ ಓದಲ್ಲ, ಹಾಗಾಗಿ ನಾಚಿಕೆಯಿಲ್ಲ.

ನಿನ್ನ ಮಗಳು ಚೆನ್ನಾಗಿದ್ದಾಳೆ. ಆಸ್ಪತ್ರೆಯ ಮೂರನೇ ಮಹಡಿಯ ವಾರ್ಡಿನಲ್ಲಿ ಈಗ ಅವಳೇ ಹಳೇ ನರ್ಸು. ಸಂಜೆ ಬಂದವಳೇ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟು ಕೂರ್ತಾಳೆ. "ದೊಡ್ಡಮ್ಮಾ, ಈ ಕಾಲು ಯಾರದೋ ಎತ್ಕೊಂಡು ಬಂದಿದೀನಿ ಅನ್ಸತ್ತೆ, ನಾಳೆ ವಾಪಸ್ ಕೊಟ್ಟುಬಿಡ್ತೀನಿ" ಅಂದಳು ಇವತ್ತು. ನಗು ನಿನ್ನದೇ, ಮೂಗು ಸುಕ್ಕುಮಾಡಿಕೊಂಡು.

ಆಫೀಸಿನ ಸಮಾಚಾರ. ನಾವು ಆಸ್ಪತ್ರೆಗಳಿಗೆ ಪ್ರೋಗ್ರಾಮ್ ಬರೆದುಕೊಡೋದು ನಿನಗೆ ಗೊತ್ತಲ್ಲ. ಡಾಕ್ಟರು ತಮ್ಮ ಕೋಣೆಯಲ್ಲಿ ಇಂಥ ರೋಗಿಗೆ ಇಂಥ ಔಷಧಿ ಇಷ್ಟು ಅಂತ ಬರೀತಾರೆ, ವಾರ್ಡಿನ ಕಂಪ್ಯೂಟರಿನಲ್ಲಿ ನರ್ಸಿಗೆ ಅದು ಕಾಣತ್ತೆ. ಆಸ್ಪತ್ರೆಯಲ್ಲಿ ನೆಟ್‌ವರ್ಕ್ ಆಗಾಗ ಕಡಿದುಹೋಗೋದರಿಂದ, ಕಡಿದಾಗಲೂ ಎರಡೂ ಕಡೆ ಬರೀಬಹುದು, ಮತ್ತೆ ಬಂದಾಗ ಎರಡೂ ತಾವಾಗಿಯೇ ಒಂದಾಗಬೇಕು. ಇದಕ್ಕೆ ಸಿಂಕ್ ಅಂತಾರೆ. ಅದನ್ನು ನಾವೇ ಬರೀಬೇಕಿತ್ತು. ನಮ್ಮ ಟೀಮ್ ಲೀಡರು ಯಾರೋ ಬರೆದು ಇಂಟರ್ನೆಟ್ಟಿನಲ್ಲಿ ಬಿಟ್ಟಿರೋ ಸಿದ್ಧ ತುಣುಕೊಂದನ್ನು ತಂದು ಎರಡೇ ದಿನದಲ್ಲಿ ಅಂಟಿಸಿಬಿಟ್ಟ. ಏನು ಕೇಳಿದರೂ "ಆಗೋಯ್ತು ಅಂದ್ಕೊಳ್ಳಿ" ಅನ್ನೋನು. ಅದಕ್ಕೇ ಆಫೀಸೆಲ್ಲ ಅವನನ್ನು ಹಿಂದಿನಿಂದ ಆಗೋಯ್ತಪ್ಪ ಅನ್ನತ್ತೆ.

ನೋಡಿ ಒಪ್ಪಿಗೆ ಹಾಕೋ ಕೆಲಸ ನನ್ನದು. ನನ್ನ ಒಪ್ಪಿಗೆ ಬೀಳದೆ ಯಾವುದೂ ಹೊರಗೆ ಹೋಗಲ್ಲ. ಎಂಟನೇ ಕ್ಲಾಸು ಓದಿ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವಳು ನಾನು. ಪ್ರೆಸ್ಸಿಗೆ ಕಂಪ್ಯೂಟರು ಬಂದಾಗ ಅದರ ಕೈಪಿಡಿಯನ್ನು ಅಕ್ಷರ ಕೂಡಿಸಿಕೊಂಡು ಓದಿ ಪ್ರೋಗ್ರಾಮ್ ಕಲಿತವಳು. ಓದದೆ ಸಹಿ ಹಾಕಿದ್ದು ಇಲ್ಲವೇ ಇಲ್ಲ. ಈ ಸಲ ಮೊದಲು ಹೋಗೋದು ನಿನ್ನ ಮಗಳ ಆಸ್ಪತ್ರೆಗೇ.

ಫೆಬ್ರವರಿ 6, ಗುರುವಾರ

ಹಿಡಿದೆ ಕಣೇ!

ಮೂರು ದಿನ ಆ ತುಣುಕನ್ನು ಓದಿದೆ. ಬರೆದವನು ಅದನ್ನು ಕೈಬಿಟ್ಟು ನಾಲ್ಕು ವರ್ಷವಾಗಿದೆ. ಜನ ದೂರು ಹೇಳಿದ್ದಾರೆ, ಕೇಳೋರಿಲ್ಲ. ಬಾಡಿಗೆಯವರು ಬಿಟ್ಟುಹೋದ ಮನೆಯ ಹಾಗಿದೆ, ನಲ್ಲಿ ಸೋರ್ತಾನೇ ಇದೆ.

ಎರಡು ಕಡೆ ಬೇರೆ ಬೇರೆ ಬರೆದಿದ್ದರೆ ಯಾವುದನ್ನು ಉಳಿಸಿಕೊಳ್ಳತ್ತೆ ಅಂತ ಹುಡುಕಿದೆ. ಯಾವುದು ಆಮೇಲೆ ಬರೆದಿದ್ದೋ ಅದನ್ನಂತೆ. ಆಮೇಲೆ ಅಂತ ಅದಕ್ಕೆ ಹೇಗೆ ಗೊತ್ತು? ಬರೆದ ಕಂಪ್ಯೂಟರಿನ ಗಡಿಯಾರ ಏನು ಹೇಳತ್ತೋ ಅದೇ ವೇದ. ಅಂದರೆ ಯಾವ ಯಂತ್ರದ ಗಡಿಯಾರ ಮುಂದಿದೆಯೋ ಅದರ ಮಾತೇ ಗೆಲ್ಲತ್ತೆ.

ಮೇಜಿನ ಮೇಲೆ ಎರಡು ಕಂಪ್ಯೂಟರ್ ಇಟ್ಟೆ. ಒಂದಕ್ಕೆ ಡಾಕ್ಟರು, ಇನ್ನೊಂದಕ್ಕೆ ವಾರ್ಡು ಅಂತ ಚೀಟಿ ಅಂಟಿಸಿದೆ. ವಾರ್ಡಿನ ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿ, ಮಧ್ಯದ ಕೇಬಲ್ ಕಿತ್ತೆ. ವಾರ್ಡಿನಲ್ಲಿ ರೋಗಿಯ ಜ್ವರ ಮಾತ್ರ ಬರೆದೆ. ನಾಲ್ಕು ನಿಮಿಷ ಬಿಟ್ಟು ಡಾಕ್ಟರಲ್ಲಿ ಔಷಧಿಯನ್ನು ಅರ್ಧಕ್ಕೆ ಇಳಿಸಿದೆ. ಕೇಬಲ್ ಸಿಕ್ಕಿಸಿದೆ. ಅರ್ಧ ಮಾಯ! ವಾರ್ಡಿನ ಹಳೆಯ ಹಾಳೆ ಇಡಿಯಾಗಿ ಬಂದು ಕೂತಿತು, ಹಳೆಯ ಪೂರ್ತಿ ಅಳತೆ. ಡಾಕ್ಟರು ಬರೆದ ಗುರುತೇ ಇಲ್ಲ.

ಪಕ್ಕದ ಮೇಜಿನ ಸೋಡಾಬುಡ್ಡಿಯನ್ನು ಕರೆದೆ. ಕನ್ನಡಕ ದಪ್ಪ, ಬುದ್ಧಿ ಚೂಪು, ಎರಡು ಮಕ್ಕಳ ತಾಯಿ. ಮೂರು ಸಲ ಮಾಡಿ ನೋಡಿದಳು, ಮೂರು ಸಲವೂ ಹಾಗೇ ಆಯಿತು.

"ದೊಡ್ಡಮ್ಮ, ಇದು ಯಾರನ್ನಾದ್ರೂ ಸಾಯಿಸತ್ತೆ" ಅಂದಳು. ಆಫೀಸಿನ ಹುಡುಗಿಯರಿಗೂ ನಾನು ದೊಡ್ಡಮ್ಮನೇ.

"ಸಾಯಿಸಲ್ಲ. ನಾನು ಇದೀನಲ್ಲ" ಅಂದೆ. ಎದೆ ಇಷ್ಟಗಲ ಆಗಿತ್ತು.

ಫೆಬ್ರವರಿ 10, ಸೋಮವಾರ

ಆಗೋಯ್ತಪ್ಪನಿಗೆ ತೋರಿಸಿದೆ. ಕಾಫಿ ಲೋಟ ಹಿಡಿದುಕೊಂಡೇ ನೋಡಿದ.

"ಅಮ್ಮಾ, ನೀವೇ ಬೇಕಂತ ಗಡಿಯಾರ ತಿರುಗಿಸಿದ್ರೆ ಆಗದೇ ಇನ್ನೇನು? ಆಸ್ಪತ್ರೇಲಿ ಯಾರು ಕೂತ್ಕೊಂಡು ಗಡಿಯಾರ ತಿರುಗಿಸ್ತಾರೆ?"

"ತಿರುಗಿಸದೇ ಇದ್ರೂ ಹಳೇ ಯಂತ್ರ ತಾನೇ ಓಡಿಬಿಡತ್ತಪ್ಪ."

"ನಾವೇ ಬರೆಯೋಕೆ ಕೂತ್ರೆ ಎರಡು ತಿಂಗಳು. ಮಾತು ಕೊಟ್ಟ ದಿನ ಇಪ್ಪತ್ತೆಂಟು. ಹೇಳಿ, ಏನ್ ಮಾಡಲಿ?"

"ದಿನ ತಪ್ಪಲಿ. ನಾನಂತೂ ಇದಕ್ಕೆ ಸಹಿ ಹಾಕಲ್ಲ."

ಸೋಡಾಬುಡ್ಡಿ ಮೇಜಿನ ಕೆಳಗೆ ನನ್ನ ಕೈ ಹಿಡಿದು ಒತ್ತಿದಳು.

ಫೆಬ್ರವರಿ 11, ಮಂಗಳವಾರ

ನಿನ್ನ ಮಗಳನ್ನು ಕೇಳಿದೆ, ಸುಮ್ಮನೆ ಮಾತಿಗೆ ಅನ್ನೋ ಹಾಗೆ. "ನಿಮ್ಮ ವಾರ್ಡಿನ ಕಂಪ್ಯೂಟರ್ ಸರಿಯಾದ ಟೈಮ್ ತೋರಿಸತ್ತೇನೇ?"

ಅವಳು ಗೊಳ್ಳನೆ ನಕ್ಕಳು. "ನಮ್ದು ಹತ್ತು ನಿಮಿಷ ಮುಂದೆ ದೊಡ್ಡಮ್ಮ! ಬೇಕಂತಲೇ ಇಟ್ಟಿರೋದು. ಪಾಳಿ ಬದಲಾಯಿಸೋವಾಗ ಎಲ್ರೂ ತಡ ಮಾಡ್ತಾರೆ, ಔಷಧಿ ಕೊಡೋ ಹೊತ್ತೂ ತಪ್ಪತ್ತೆ ಅಂತ ಹೆಡ್ ನರ್ಸ್ ಗೋಡೆ ಗಡಿಯಾರಾನೂ ಕಂಪ್ಯೂಟರ್‌ದೂ ಎರಡೂ ಮುಂದಿಡಿಸಿದಾರೆ. ಎಷ್ಟೋ ವರ್ಷದಿಂದ ಹಾಗೇ. ನಿಜವಾದ ಟೈಮ್ ಬೇಕಂದ್ರೆ ಹತ್ತು ಕಳೀಬೇಕು. ಅದಕ್ಕೇ ನಮ್ ಲೆಕ್ಕ ಇಷ್ಟು ಚೆನ್ನಾಗಿರೋದು."

ನಾನು ಮೇಜಿನ ಮೇಲೆ ಆಡಿದ ಆಟ, ಒಂದು ನಿಮಿಷವೂ ಹೆಚ್ಚುಕಮ್ಮಿ ಇಲ್ಲದೆ.

ಫೆಬ್ರವರಿ 14, ಶುಕ್ರವಾರ

ಆಗೋಯ್ತಪ್ಪನಿಗೆ ವಾರ್ಡಿನ ವಿಷಯ ಹೇಳಿದೆ. ಈ ಸಲ ಲೋಟ ಕೆಳಗಿಟ್ಟ. ಬಾಗಿಲು ಹಾಕಿ ನನ್ನನ್ನು ಕೂರಿಸಿದ.

"ನೀವು ಇಲ್ದಿದ್ರೆ ನಾವು ಮುಳುಗ್ತಿದ್ವಿ ಅಮ್ಮ. ತಪ್ಪು ಅಂದ್ರೆ ತಪ್ಪೇ, ಸರಿ ಮಾಡ್ಲೇಬೇಕು. ಆದ್ರೆ ಮೊದಲನೇದು ಕೊಟ್ಟಾದ್ಮೇಲೆ ಮಾಡೋಣ, ಮುಂದಿನ ಸುತ್ತಿನಲ್ಲಿ. ಅಲ್ಲೀವರೆಗೆ ಕೈಪಿಡೀಲಿ ಒಂದು ಸಾಲು ಹಾಕ್ಬಿಡೋಣ, ಗಡಿಯಾರ ಸರಿಯಾಗಿಟ್ಕೊಳ್ಳಿ ಅಂತ. ಆ ಸಾಲು ನಿಮ್ಮಷ್ಟು ಚೆನ್ನಾಗಿ ಬರೆಯೋರು ಇಲ್ಲಿ ಯಾರಿದಾರೆ ಹೇಳಿ?"

ಒಪ್ಪಲಿಲ್ಲ ನಾನು. ಯೋಚನೆ ಮಾಡ್ತೀನಿ ಅಂದೆ ಅಷ್ಟೆ.

ಆದರೂ ಬಸ್ಸಿನಲ್ಲಿ ಬರುತ್ತಾ ಆ ಸಾಲು ತಲೆಯೊಳಗೆ ತಾನೇ ಜೋಡಿಸಿಕೊಂಡಿತು: "ಸಂಪರ್ಕಗೊಂಡ ಎಲ್ಲ ಯಂತ್ರಗಳ ಗಡಿಯಾರಗಳೂ ಏಕರೂಪವಾಗಿರುವಂತೆ ನೋಡಿಕೊಳ್ಳುವುದು ಬಳಕೆದಾರರ ಹೊಣೆ." 'ಹೊಣೆ' ಅನ್ನೋ ಕಡೆ ಮೊದಲು 'ಜವಾಬ್ದಾರಿ' ಇತ್ತು. ಹೊಣೆಯೇ ಚೆನ್ನ, ಚಿಕ್ಕದು.

ಫೆಬ್ರವರಿ 19, ಬುಧವಾರ

ಸೋಡಾಬುಡ್ಡಿಗೆ ನನ್ನ ಮೇಲೆ ಕೋಪ.

"ಕೈಪಿಡಿ ಯಾರು ಓದ್ತಾರೆ ದೊಡ್ಡಮ್ಮ? ನರ್ಸುಗಳು ನೀರು ಕುಡಿಯೋಕೂ ಪುರುಸೊತ್ತಿಲ್ದೆ ಓಡಾಡ್ತಿರ್ತಾರೆ."

"ಬರೆದಿಟ್ರೆ ಓದ್ತಾರೆ."

"ನೀವು ಓದ್ತೀರ. ನೀವು ಕೈಪಿಡಿ ಓದಿ ಬದುಕು ಕಟ್ಕೊಂಡವರು. ಎಲ್ರೂ ಹಾಗಲ್ಲ."

ಇದು ಹೊಗಳಿದ್ದೋ ಚುಚ್ಚಿದ್ದೋ ತಿಳಿಯಲಿಲ್ಲ. ಆಗೋಯ್ತಪ್ಪನ ಮುಂದೆಯೂ ಜಗಳಕ್ಕೆ ನಿಂತಳಂತೆ, ಈ ತುಣುಕು ತೆಗೆಯೋವರೆಗೆ ತಾನು ಇದನ್ನು ಮುಟ್ಟಲ್ಲ ಅಂತ. ನನ್ನ ಪಕ್ಷದವಳೇ, ಆದರೂ ಇಷ್ಟು ಹಟ ಬೇಡಿತ್ತು. ಹೇಳೋ ರೀತಿ ಅಂತ ಒಂದಿರತ್ತೆ.

ಫೆಬ್ರವರಿ 24, ಸೋಮವಾರ

ತಂಗೀ, ಇವತ್ತು ನೀನು ಇರಬೇಕಿತ್ತು.

ಬೆಳಗ್ಗೆ ಹೋದರೆ ನನ್ನ ಮೇಜಿನ ಮೇಲೆ ಹೊಸ ಫಲಕ. ಗುಣಮಟ್ಟ ಮುಖ್ಯಸ್ಥೆ. ಕೆಳಗೆ ನನ್ನ ಹೆಸರು, ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಆಗೋಯ್ತಪ್ಪ ಮಾತಾಡಿದ: "ಪದವಿ ಇಲ್ದೋರನ್ನ ಈ ಸ್ಥಾನದಲ್ಲಿ ಕೂರಿಸೋದಾ ಅಂತ ಮೇಲಿನೋರು ಕೇಳಿದ್ರು. ನಾನಂದೆ, ಪದವಿ ಇರೋ ಹತ್ತು ಜನ ಒಂದು ಕಡೆ, ಈ ಅಮ್ಮ ಒಂದು ಕಡೆ."

ಮೂವತ್ತು ವರ್ಷ ಈ ಕೆಲಸದಲ್ಲಿ ಎಲ್ಲಿ ಹೋದರೂ ಮೊದಲ ಪ್ರಶ್ನೆ ಒಂದೇ, ಎಲ್ಲಿ ಓದಿದ್ದು ಅಂತ. ಇವತ್ತು ಯಾರೂ ಕೇಳಲಿಲ್ಲ. ಬಚ್ಚಲಿಗೆ ಹೋಗಿ ಅತ್ತು ಮುಖ ತೊಳೆದುಕೊಂಡು ಬಂದೆ.

ನಿನ್ನ ಮಗಳು ಫಲಕದ ಫೋಟೋ ನೋಡಿ ಕುಣಿದಳು. "ಇನ್ಮೇಲೆ ನಮ್ಮ ವಾರ್ಡಿನ ಪ್ರೋಗ್ರಾಮ್ ಕೈಕೊಟ್ರೆ ಸೀದಾ ಮುಖ್ಯಸ್ಥೇನೇ ಬೈತೀನಿ, ಅಡುಗೆ ಮನೇಲೇ!"

ಫೆಬ್ರವರಿ 28, ಶುಕ್ರವಾರ

ಸಹಿ ಹಾಕಿದೆ. ಕೈಪಿಡಿಯಲ್ಲಿ ಸಾಲು ಇದೆ, ಪುಟ ನಲವತ್ತೊಂದು. ಮುಂದಿನ ಸುತ್ತಿನ ಪಟ್ಟಿಯಲ್ಲಿ ವಿಷಯ ಸೇರಿಸಿದ್ದೀನಿ. ಆಫೀಸಿನಲ್ಲಿ ಇಂಥವಕ್ಕೆ ತಿಳಿದಿರುವ ಸಂಗತಿ ಅಂತಾರೆ. ತಿಳಿಯದೇ ಇರೋದು ಅಪಾಯ, ತಿಳಿದಿರೋದು ಹಿಡಿತದಲ್ಲಿರತ್ತೆ.

ಸೋಡಾಬುಡ್ಡಿ ಕೆಲಸ ಬಿಟ್ಟಳು. ಹೋಗುವಾಗ ಎಲ್ಲರಿಗೂ ಬರ್ತೀನಿ ಅಂತ ಹೇಳಿದಳು, ನನಗೆ ಮಾತ್ರ ಹೇಳಲಿಲ್ಲ.

ಮಾರ್ಚ್ 6, ಗುರುವಾರ

ವಾರ್ಡಿನಲ್ಲಿ ಹೊಸದು ಓಡ್ತಿದೆ. ನಿನ್ನ ಮಗಳಿಗೆ ಖುಷಿಯೋ ಖುಷಿ. ನೆಟ್‌ವರ್ಕ್ ಹೋದರೂ ಬರೀಬಹುದು, ಕಾಯೋದೇ ಬೇಡ ಅಂತ.

"ನಿಮ್ಮ ಗಡಿಯಾರ ಒಂದಿಷ್ಟು ಸರಿ ಮಾಡ್ಕೊಳ್ರೇ" ಅಂದೆ.

"ಯಾಕೆ ದೊಡ್ಡಮ್ಮ?"

"ಯಾಕೂ ಇಲ್ಲ, ಕೈಪಿಡೀಲಿ ಹಾಗೆ ಬರೆದಿದೆ."

"ಹೆಡ್ ನರ್ಸ್ ಹತ್ರ ಹೇಳಿ ನೋಡು, ಸೂಜಿ ಚುಚ್ತಾರೆ" ಅಂತ ನಕ್ಕಳು.

ಇನ್ನೂ ಬಿಡಿಸಿ ಹೇಳಬಹುದಿತ್ತು. ಆದರೆ ಆಫೀಸಿನ ಒಳಗಿನ ಮಾತು ಮನೆಯಲ್ಲಿ ಆಡಬಾರದು, ಅದರಲ್ಲೂ ಈಗ ನಾನಿರೋ ಸ್ಥಾನದಲ್ಲಿ. ಹೇಳೋದನ್ನು ಹೇಳಿದ್ದೀನಲ್ಲ.

ಮಾರ್ಚ್ 13, ಗುರುವಾರ

ನಿನ್ನ ಮಗಳು ಮಧ್ಯಾಹ್ನವೇ ಮನೆಗೆ ಬಂದಳು. ಬಕೆಟ್ ಮುಟ್ಟಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು.

ಹದಿನಾಲ್ಕನೇ ಹಾಸಿಗೆಯವರಿಗೆ ರಕ್ತ ತೆಳು ಮಾಡೋ ಔಷಧಿ ನಡೀತಿತ್ತು. ನಿನ್ನೆ ಬೆಳಗ್ಗೆ ನೆಟ್‌ವರ್ಕ್ ಕಡಿದಿದ್ದಾಗ, ಒಂಬತ್ತು ದಾಟುತ್ತಲೇ, ಡಾಕ್ಟರು ಅದನ್ನು ಅರ್ಧಕ್ಕೆ ಇಳಿಸಿದರಂತೆ. ವಾರ್ಡಿನಲ್ಲಿ ಪೂರ್ತಿಯೇ ಕಂಡಿತು, ಇವಳು ಪೂರ್ತಿಯೇ ಕೊಟ್ಟಳು, ನಿನ್ನೆ ಎರಡು ಹೊತ್ತು, ಇವತ್ತು ಒಂದು ಹೊತ್ತು. ಹೊಟ್ಟೆಯೊಳಗೆ ರಕ್ತ ಸೋರಿ, ಆಪರೇಷನ್‌ಗೆ ಒಯ್ದಿದ್ದಾರೆ.

"ದಾಖಲೆ ತೆಗೆದು ನೋಡಿದ್ರು ದೊಡ್ಡಮ್ಮ. ಡಾಕ್ಟರು ಅರ್ಧ ಮಾಡಿದ್ದು ಅದ್ರಲ್ಲಿ ಇಲ್ವೇ ಇಲ್ಲ. ಕೊನೇ ಬದಲಾವಣೆ ಒಂಬತ್ತು ಎಂಟಕ್ಕೆ, ನನ್ನ ಹೆಸರಲ್ಲಿ. ಡಾಕ್ಟರು ಬರೆದಿದ್ದನ್ನ ನಾನು ತಿದ್ದಿದೀನಂತೆ. ನಾನು ಅವರ ಜ್ವರ ಮಾತ್ರ ಬರೆದಿದ್ದು. ಆಣೆ ಮಾಡಿ ಹೇಳ್ತೀನಿ, ಆ ಅಳತೆ ನಾನು ಮುಟ್ಟಿಲ್ಲ."

"ಮುಟ್ಟಿಲ್ಲ ಅಂತ ನನಗೆ ಗೊತ್ತು" ಅಂದೆ.

"ನಿಂಗೆ ಹೇಗೆ ಗೊತ್ತು?"

"ನಿನ್ನ ಸಾಕಿದೋಳು ನಾನು, ಗೊತ್ತಿಲ್ವಾ?"

ನನ್ನ ತೊಡೆ ಮೇಲೆ ತಲೆ ಇಟ್ಟು ಅತ್ತಳು.

ಮಾರ್ಚ್ 14, ಶುಕ್ರವಾರ

ಆಸ್ಪತ್ರೆಯವರು ವಿಚಾರಣೆಗೆ ಮೂರು ಜನರನ್ನು ನೇಮಿಸಿದ್ದಾರೆ. ನಡೆದದ್ದೇನು ಅಂತ ನಮ್ಮ ಆಫೀಸಿನಿಂದ ಲಿಖಿತ ವಿವರಣೆ ಕೇಳಿದ್ದಾರೆ. ಅದನ್ನು ಬರೆಯಬೇಕಾದವಳು ಗುಣಮಟ್ಟ ಮುಖ್ಯಸ್ಥೆ.

ಆಗೋಯ್ತಪ್ಪನ ಕೋಣೆಯಲ್ಲಿ ಒಂದು ಗಂಟೆ ಕೂತೆ.

"ನರ್ಸು ನನ್ನ ತಂಗಿ ಮಗಳು" ಅಂದೆ.

ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. "ಹಾಗಾದ್ರೆ ಇನ್ನೂ ಹುಷಾರಾಗಿರ್ಬೇಕು ಅಮ್ಮ. ನೀವು ತಂತ್ರಾಂಶದ ತಪ್ಪು ಅಂತ ಬರೆದ್ರೆ, ತನ್ನ ಮಗಳನ್ನ ಉಳಿಸೋಕೆ ಹಾಗೆ ಬರೆದ್ಲು ಅಂತಾರೆ. ನಿಮ್ಮ ಮಾತಿಗೂ ಬೆಲೆ ಇಲ್ಲ, ಅವಳಿಗೂ ಉಪಯೋಗ ಇಲ್ಲ. ಇರೋದನ್ನ ಇದ್ದ ಹಾಗೆ ಬರೀರಿ. ಗಡಿಯಾರ ಮುಂದಿತ್ತು, ಗಡಿಯಾರ ನೋಡ್ಕೊಳ್ಳಿ ಅಂತ ನಾವು ಮೊದಲೇ ಹೇಳಿದ್ವಿ. ಆಗ ತಪ್ಪು ಗಡಿಯಾರದ ತಲೆಗೆ ಹೋಗತ್ತೆ. ಯಾರ ಕೆಲಸಾನೂ ಹೋಗಲ್ಲ."

ಅವನು ಹೇಳೋದರಲ್ಲೂ ಹುರುಳಿದೆ ಅನ್ನಿಸಿತು. ಗಡಿಯಾರ ಇವಳು ಇಟ್ಟಿದ್ದಲ್ಲ, ಹೆಡ್ ನರ್ಸ್ ಇಡಿಸಿದ್ದು.

ಮಾರ್ಚ್ 17, ಸೋಮವಾರ

ಪತ್ರ ಹೋಯಿತು. ಒಂದೇ ಪುಟ. ದಾಖಲೆಯಲ್ಲಿ ಕಾಣುವಂತೆ ಕೊನೆಯ ಬದಲಾವಣೆ ವಾರ್ಡಿನ ಯಂತ್ರದಿಂದ 9.08ಕ್ಕೆ. ಆ ಯಂತ್ರದ ಗಡಿಯಾರ ಮುಂದಿದ್ದದ್ದು ಕಂಡುಬಂದಿದೆ. ಕೈಪಿಡಿಯ ಪುಟ 41 ನೋಡಿ. ತಂತ್ರಾಂಶ ರೂಪಿಸಿದಂತೆಯೇ ಕೆಲಸ ಮಾಡಿದೆ. ನಾಲ್ಕು ಸಲ ಓದಿದೆ ತಂಗೀ, ಒಂದಕ್ಷರ ಸುಳ್ಳಿಲ್ಲ.

ಮಾರ್ಚ್ 20, ಗುರುವಾರ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಹೆಡ್ ನರ್ಸ್ ವಿಚಾರಣೆಯಲ್ಲಿ ಗಡಿಯಾರದ ವಿಷಯ ತನಗೆ ಗೊತ್ತೇ ಇಲ್ಲ ಅಂದುಬಿಟ್ಟಳು. ಈಗ ಗಡಿಯಾರ ತಿರುಗಿಸಿದ್ದೂ ಇವಳೇ, ಅಳತೆ ತಿದ್ದಿದ್ದೂ ಇವಳೇ. ಕೆಲಸದಿಂದ ದೂರ ಇಟ್ಟಿದ್ದಾರೆ. ನರ್ಸಿಂಗ್ ಪರವಾನಗಿಯನ್ನೇ ರದ್ದು ಮಾಡಬೇಕು ಅಂತ ಮಾತು ನಡೀತಿದೆ. ಕೊನೆಯ ವಿಚಾರಣೆ ಇಪ್ಪತ್ತೇಳಕ್ಕೆ.

ಪತ್ರದ ಕೆಳಗೆ ಯಾರ ಸಹಿ ಇದೆ ಅಂತ ಇವಳಿಗೆ ತೋರಿಸಿಲ್ಲ. ನಾನೂ ಹೇಳಿಲ್ಲ.

"ಪ್ರೋಗ್ರಾಮು ರೂಪಿಸಿದಂತೆ ಕೆಲಸ ಮಾಡಿದೆ ಅಂತ ಕಂಪನಿಯವರು ಬರೆದಿದಾರಂತೆ ದೊಡ್ಡಮ್ಮ. ನಿಂಗೆ ಗೊತ್ತಿರೋರು ಯಾರಾದ್ರೂ ಬರೆದಿರ್ತಾರಾ? ಕೇಳ್ತೀಯಾ?"

"ಕೇಳ್ತೀನಿ."

ಎರಡು ದಿನದಿಂದ ಇವಳು ಸರಿಯಾಗಿ ತಿಂದಿಲ್ಲ. ಹದಿನಾಲ್ಕನೇ ಹಾಸಿಗೆಯವರು ಬಸ್ ಡ್ರೈವರಂತೆ. ಬದುಕಿದ್ದಾರೆ, ಆದರೆ ಎದ್ದು ಕೂರೋಕೆ ಇಬ್ಬರು ಬೇಕು. ಇನ್ನು ಬಸ್ ಓಡಿಸೋದು ಕನಸು. ಕೆಲಸವಿಲ್ಲದೆ ಮನೆಯಲ್ಲಿ ಕೂತಿರುವ ಇವಳು ದಿನಾ ಸಂಜೆ ಆಸ್ಪತ್ರೆಯ ಗೇಟಿನ ಹತ್ತಿರ ಹೋಗಿ, ಹೊರಗೆ ಬರೋ ಅವರ ಹೆಂಡತಿಯನ್ನು ಹೇಗಿದ್ದಾರೆ ಅಂತ ಕೇಳಿಕೊಂಡು ಬರ್ತಾಳೆ. ಆ ಹೆಂಗಸು ಮೊದಲ ದಿನ ಬೈದಳಂತೆ, ಎರಡನೇ ದಿನ ಮಾತಾಡಲಿಲ್ಲವಂತೆ, ಮೂರನೇ ದಿನ ನೀರು ಕುಡಿ ಅಂತ ಬಾಟಲಿ ಕೊಟ್ಟಳಂತೆ.

ಮಾರ್ಚ್ 24, ಸೋಮವಾರ

ಆಗೋಯ್ತಪ್ಪ, ಇನ್ನೂ ಎರಡು ಆಸ್ಪತ್ರೆಯವರು ನಮ್ಮದನ್ನು ನೋಡಕ್ಕೆ ಬರ್ತಿದ್ದಾರೆ ಅಂದ. ಪಟ್ಟಿಯಲ್ಲಿ ಗಡಿಯಾರದ ಸಂಗತಿ ಹನ್ನೊಂದನೆಯದಾಗಿದೆ. ಆರನೆಯದಾಗಿತ್ತು. ಯಾಕೆ ಅಂತ ಕೇಳಲಿಲ್ಲ.

ಮಾರ್ಚ್ 27, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೀತೀನಿ.

ವಿಚಾರಣೆಗೆ ಕಂಪನಿಯ ಪರವಾಗಿ ನಾನೂ ಆಗೋಯ್ತಪ್ಪನೂ ಹೋಗಬೇಕಾಗಿ ಬಂತು. ಉದ್ದ ಮೇಜಿನ ಆ ಕಡೆ ಮೂವರು, ಈ ಕಡೆ ನಾವು. ಗೋಡೆ ಪಕ್ಕದ ಕುರ್ಚಿಯಲ್ಲಿ ನಿನ್ನ ಮಗಳು. ನನ್ನನ್ನು ಕಂಡವಳೇ ಮುಖ ಅರಳಿಸಿದಳು. ತನ್ನ ಪರವಾಗಿ ಬಂದಿದ್ದೀನಿ ಅಂದುಕೊಂಡಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಸೋಡಾಬುಡ್ಡಿ ಬಂದಳು, ಎರಡು ಕಂಕುಳಲ್ಲೂ ಒಂದೊಂದು ಲ್ಯಾಪ್‌ಟಾಪ್. ಯಾರಿಂದಲೋ ಸುದ್ದಿ ತಿಳಿದು ತಾನೇ ಕಾಗದ ಬರೆದು ಸಮಯ ಕೇಳಿಕೊಂಡಿದ್ದಳಂತೆ. ನಮ್ಮ ಕಡೆ ನೋಡಲೂ ಇಲ್ಲ. ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಸಿಗೋ ಆ ತುಣುಕನ್ನೇ ಇಳಿಸಿಕೊಂಡು, ರೋಗಿಯ ಹಾಳೆಯಂಥದ್ದೊಂದನ್ನು ತಾನೇ ಮಾಡಿಕೊಂಡು ಬಂದಿದ್ದಳು. ಒಂದರ ಗಡಿಯಾರ ಮುಂದಿಟ್ಟಳು, ಕೇಬಲ್ ಕಿತ್ತಳು, ಒಂದರಲ್ಲಿ ಜ್ವರ ಬರೆದಳು, ಇನ್ನೊಂದರಲ್ಲಿ ಅಳತೆ ಇಳಿಸಿದಳು, ಕೇಬಲ್ ಸಿಕ್ಕಿಸಿದಳು.

ಮೂವರೂ ಎದ್ದು ಬಂದು ಬಗ್ಗಿ ನೋಡಿದರು. "ಇನ್ನೊಂದು ಸಲ ಮಾಡಿ" ಅಂದರು. ಮಾಡಿದಳು.

ಅವರಲ್ಲಿ ಹಿರಿಯರಾದ ಡಾಕ್ಟರು ಕೇಳಿದರು, "ಅಂದ್ರೆ ಈ ನರ್ಸು ಅಳತೆ ತಿದ್ದಿಲ್ಲ?"

"ಇಲ್ಲ ಸಾರ್. ಡಾಕ್ಟರು ಬರೆದಿದ್ದನ್ನ ಅಳಿಸಿದ್ದು ಪ್ರೋಗ್ರಾಮು. ಅಳಿಸಿ ನರ್ಸ್ ಹೆಸರು ಹಾಕಿದ್ದೂ ಅದೇ."

"ಇದನ್ನ ನೀವು ಕಂಡುಹಿಡಿದಿರಾ?"

ಆ ಹೊತ್ತಿನಲ್ಲಿ ಅವಳು ಹೌದು ಅಂದಿದ್ದರೆ ಎಷ್ಟು ಚೆನ್ನಾಗಿತ್ತು. ಹೆಸರು ತಾನೇ, ತಗೊಂಡು ಹೋಗಲಿ ಅನ್ನಿಸಿತು ನನಗೆ.

"ನಾನಲ್ಲ ಸಾರ್. ಇಲ್ಲಿ ಕೂತಿರೋ ದೊಡ್ಡಮ್ಮ ಕಂಡುಹಿಡಿದಿದ್ದು. ಫೆಬ್ರವರಿ ಮೊದಲ ವಾರದಲ್ಲೇ. ಇದೇ ರೀತಿ, ಹತ್ತು ನಿಮಿಷ ಮುಂದಿಟ್ಟು. ನಾನು ಇಷ್ಟು ವರ್ಷದಲ್ಲಿ ನೋಡಿರೋ ಅತಿ ಒಳ್ಳೇ ಪರೀಕ್ಷೆ ಅದು. ಅವರು ನನಗೆ ಕಲಿಸಿದ್ದನ್ನ ನಾನು ನಿಮಗೆ ತೋರಿಸಿದೆ ಅಷ್ಟೆ."

ವ್ಯಂಗ್ಯ ಇರಲಿಲ್ಲ ತಂಗೀ ಅವಳ ದನಿಯಲ್ಲಿ. ಗೌರವವಿತ್ತು. ಅದೇ ತಡೆಯಲಾಗಲಿಲ್ಲ.

ಹಿರಿಯರು ನನ್ನ ಪತ್ರ ಎತ್ತಿ, ಕೆಳಗಿನ ಸಹಿಯನ್ನು ಓದಿ, ನನ್ನ ಮುಖ ನೋಡಿದರು. ಆಗೋಯ್ತಪ್ಪ ಕೈಪಿಡಿ ತೆಗೆದು ಪುಟ ತಿರುವಲು ಶುರು ಮಾಡಿದ. "ಇರಲಿ ಬಿಡಿ" ಅಂದರು ಅವರು. ನಾನು ಗೋಡೆಯ ಕಡೆ ತಿರುಗಲಿಲ್ಲ.

ನಿನ್ನ ಮಗಳ ಮೇಲೆ ಯಾವ ತಪ್ಪೂ ಇಲ್ಲ ಅಂತ ತೀರ್ಮಾನವಾಯಿತು. ನಾಳಿದ್ದಿನಿಂದ ಕೆಲಸಕ್ಕೆ ಹೋಗಬಹುದು.

ಮಾರ್ಚ್ 28, ಶುಕ್ರವಾರ

ಬೆಳಗ್ಗೆ ಅವಳು ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು. ನರ್ಸುಗಳ ಹಾಸ್ಟೆಲ್ಲಿನಲ್ಲಿ ಒಂದು ಹಾಸಿಗೆ ಖಾಲಿ ಇದೆಯಂತೆ.

"ನಿನ್ನನ್ನ ಉಳಿಸೋಕೆ ಅಂತಲೇ ಹಾಗೆ ಬರೆದಿದ್ದು ಕಣೇ" ಅಂದೆ.

"ಗಡಿಯಾರ ಮುಂದಿದೆಯಾ ಅಂತ ನನ್ನ ಕೇಳಿದ್ರಿ. ಹತ್ತು ನಿಮಿಷ ಅಂದೆ. ಆಗಲೇ ಹೇಳಬಹುದಿತ್ತು. ಅಡುಗೆ ಮನೇಲಿ, ಒಂದೇ ಮಾತು."

"ಅದು ತಿಳಿದಿರುವ ಸಂಗತಿಗಳ ಪಟ್ಟೀಲಿತ್ತು..."

"ಯಾರಿಗೆ ತಿಳಿದಿದ್ದು?"

ಹೊಸಲು ದಾಟುವಾಗ ಅಭ್ಯಾಸಬಲದಿಂದ "ಊಟ ಮಾಡಿ" ಅಂತ ಹೇಳಿಹೋದಳು. ಮಾತು ಬಂದಾಗಿನಿಂದ ನೀನು ಅಂತಿದ್ದವಳು, ಎಲ್ಲದಕ್ಕೂ ನೀವು ಅಂದಳು.

ಏಪ್ರಿಲ್ 1, ಮಂಗಳವಾರ

ಮೇಲಿನವರಿಂದ ಆದೇಶ ಬಂತು: ಮಿಕ್ಕಿದ್ದೆಲ್ಲ ಬಿಟ್ಟು ಗಡಿಯಾರದ ತಪ್ಪನ್ನು ಈಗಲೇ ಸರಿಪಡಿಸಿ. ಆ ತುಣುಕು ಕಿತ್ತು ನಾವೇ ಬರೆಯಬೇಕು. ಆಗೋಯ್ತಪ್ಪ, "ಅಮ್ಮಾ, ನೀವೇ ಕೂತ್ಕೊಳ್ಳಿ, ಬೇರೆ ಯಾರಿಂದಾಗತ್ತೆ" ಅಂದ. ಕೂತೆ.

ಏಪ್ರಿಲ್ 4, ಶುಕ್ರವಾರ

ಮುಗಿಯಿತು. ಎರಡು ತಿಂಗಳಲ್ಲ, ನಾಲ್ಕು ದಿನ. ಪ್ರತಿ ಹಾಳೆಯ ಬದಲು ಪ್ರತಿ ಸಾಲಿಗೂ ಬೇರೆ ಲೆಕ್ಕ ಇಟ್ಟೆ. ಎರಡು ಕಡೆಯವರೂ ಒಂದೇ ಸಾಲು ಮುಟ್ಟಿದ್ದರೆ ಯಂತ್ರ ತಾನೇ ತೀರ್ಮಾನ ಮಾಡಲ್ಲ, ಇಬ್ಬರನ್ನೂ ಕರೆದು ಕೇಳತ್ತೆ. ಯಾವುದನ್ನೂ ಅಳಿಸಲ್ಲ. ನಾಲ್ಕು ದಿನ, ಮಧ್ಯೆ ಊಟದ ಬಿಡುವು ತಗೊಂಡು.

ನಾನು ಬರೆದದ್ದಕ್ಕೆ ನಾನೇ ಒಪ್ಪಿಗೆ ಹಾಕುವ ಹಾಗಿಲ್ಲ, ಬೇರೆ ಇಬ್ಬರು ಓದಿ ಹಾಕಬೇಕು. ಕಳಿಸುವ ಮುಂಚೆ ಯಾಕೋ ಒಂದು ಯೋಚನೆ ಬಂತು. ನಡುವೆ ಒಂದು ಕಡೆ ಬೇಕಂತಲೇ ತಪ್ಪು ಬರೆದೆ. ಸಣ್ಣದಲ್ಲ, ಅಳತೆಯನ್ನು ಹತ್ತು ಪಟ್ಟು ಮಾಡೋ ಸಾಲು. ಕಣ್ಣಿದ್ದವರು ಎಡವಿ ಬೀಳುವಷ್ಟು ದೊಡ್ಡದು.

ಕಳಿಸಿ ಲೋಟ ತೊಳೆದುಕೊಂಡು ಬರುವಷ್ಟರಲ್ಲಿ ಇಬ್ಬರದೂ ಒಪ್ಪಿಗೆ ಬಿದ್ದಿತ್ತು. ಒಬ್ಬ ಆಗೋಯ್ತಪ್ಪ. ಇನ್ನೊಬ್ಬಳು ಸೋಡಾಬುಡ್ಡಿಯ ಜಾಗಕ್ಕೆ ಬಂದವಳು, ಒಳ್ಳೆಯ ಹುಡುಗಿ, ದೊಡ್ಡ ಕಾಲೇಜಿನಲ್ಲಿ ಓದಿದವಳು. ಅವಳ ಮೇಜಿಗೆ ಹೋದೆ.

"ಓದಿದ್ಯೇನಮ್ಮ?"

"ಅಯ್ಯೋ ದೊಡ್ಡಮ್ಮ, ನೀವು ಬರೆದಿದ್ದು ಅಂದ್ಮೇಲೆ ಓದೋದೇನಿದೆ?" ಅಂತ ಪ್ರೀತಿಯಿಂದ ನಕ್ಕಳು.

ವಾಪಸ್ ಬಂದು ಆ ಸಾಲು ತೆಗೆದೆ. ಇಬ್ಬರ ಒಪ್ಪಿಗೆಯನ್ನೂ ರದ್ದು ಮಾಡಿದೆ. ಆ ಹುಡುಗಿಯನ್ನು ಕರೆದು ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿದೆ. "ಗಟ್ಟಿಯಾಗಿ ಓದು. ನಾನು ತಪ್ಪು ಮಾಡಿದ್ದೀನಿ ಅಂತಲೇ ಅಂದ್ಕೊಂಡು ಓದು" ಅಂದೆ. ಎಲ್ಲರೂ ಮನೆಗೆ ಹೊರಟರು. ಅವಳಿಗೆ ಬಸ್ಸಿನ ಚಿಂತೆ, ಬಾಗಿಲ ಕಡೆ ನೋಡ್ತಾನೇ ಇದ್ದಳು. ಬಿಡಲಿಲ್ಲ. ಮೊದಲನೇ ಸಾಲಿನಿಂದ ಶುರು ಮಾಡಿದಳು.